ಚಿತ್ರ ಬೇಡ, ಹಾದಿ ಕಳಿಸಿ

ಮಾನ್ಯ ಸಂಪಾದಕರೆ,

ಹುಬ್ಬಳ್ಳಿ–ಧಾರವಾಡದ ಗೆಳೆಯರ ವಾಟ್ಸ್‌ಆ್ಯಪ್ ಬಳಗಗಳಲ್ಲಿ ಶುಭೋದಯದ ಹೂವುಗಳ ನಡುವೆ ಈಗ ಓದಲು ಯೋಗ್ಯವಾದದ್ದೂ ಬರುತ್ತಿದೆ. ಕೃತಕ ಬುದ್ಧಿಮತ್ತೆಯಿಂದ ಅನುವಾದಕರ ಕೆಲಸಕ್ಕೆ ಕುತ್ತು ಬಂದೀತೇ ಎಂಬ ಲೇಖನ, ಹಿಂದೂಸ್ತಾನಿ ಸಂಗೀತದ ಹಳೆಯ ಧ್ವನಿಮುದ್ರಣ, ಟಿ.ವಿ. ಚರ್ಚೆಗಳ ಗದ್ದಲದ ಬಗ್ಗೆ ಒಂದು ಗಂಭೀರ ಬರಹ. ಮೇಲೆ ‘ಇದನ್ನ ಓದ್ರಿ, ಭಾಳ ಚಲೋ ಅದ’ ಎಂಬ ಶಿಫಾರಸು. ಕಳಿಸುವ ಮನಸ್ಸು ಚಲೋನೇ, ಕಳಿಸುವ ರೀತಿ ಮಾತ್ರ ಸರಿಯಿಲ್ಲ. ಬಹುಪಾಲು ಬರುವುದು ಸ್ಕ್ರೀನ್‌ಶಾಟ್. ಬರೆದವರು ಯಾರು, ಯಾವ ವರ್ಷದ್ದು, ಮುಂದಿನ ಪ್ಯಾರಾ ಎಲ್ಲಿ ಎಂಬುದು ದೇವರಿಗೇ ಗೊತ್ತು. ಎರಡು ತಿಂಗಳು ಬಿಟ್ಟು ಅದೇ ಲೇಖನ ಬೇಕೆಂದರೆ, ಚಿತ್ರದೊಳಗಿನ ಕನ್ನಡ ಅಕ್ಷರ ಹುಡುಕಾಟಕ್ಕೆ ಸಿಗುವುದಿಲ್ಲ.

ಕೊಂಡಿಯನ್ನೇ (ಲಿಂಕ್) ಕಳಿಸಿ. ಜೊತೆಗೆ ಲೇಖಕರ ಹೆಸರು, ಪ್ರಕಟವಾದ ತಾರೀಖು, ನಿಮಗೆ ಅದು ಯಾಕೆ ಹಿಡಿಸಿತು ಎಂಬುದನ್ನು ಎರಡು ಸಾಲಿನಲ್ಲಿ ಟೈಪ್ ಮಾಡಿ. ಕನ್ನಡ ಲಿಪಿಯಲ್ಲಿ ಬರೆದಿದ್ದರೆ ಮುಂದೆ ‘ಅನುವಾದ’ ಎಂದು ಹುಡುಕಿದಾಗ ಸಿಕ್ಕೀತು. ಡಿ.ಟಿ.ಪಿ. ಮಾಡುವವರಿಗೆ ಒಂದು ಮಾತು: ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿರುವುದನ್ನು ಹಾಗೇ ಅಂಟಿಸಿದರೆ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಿಚಡಿ ಕಾಣುತ್ತದೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದೇ ಕಾರಣ. ಮೊದಲು ಯೂನಿಕೋಡ್‌ಗೆ, ಅಂದರೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಜಾಗವಿರುವ ಸಂಕೇತ ವ್ಯವಸ್ಥೆಗೆ, ಪರಿವರ್ತಿಸಿ, ಆಮೇಲೆ ಅರ್ಕಾವತ್ತುಗಳ ಮೇಲೆ ಕಣ್ಣಾಡಿಸಿ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ಎಡವುವುದು ಅಲ್ಲೇ.

ಕೊಂಡಿಗೆ ಬಾಲವೂ ಇರುತ್ತದೆ. ಯೂಟ್ಯೂಬ್‌ನಲ್ಲಿ ಶೇರ್ ಒತ್ತಿ ತೆಗೆದ ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ, ‘ಎಸ್‌ಐ’ ಎಂಬ ಎರಡು ಇಂಗ್ಲಿಷ್ ಅಕ್ಷರ, ಆಮೇಲೆ ಅರ್ಥವಿಲ್ಲದ ಸಾಲು. ಅದು ಹಂಚಿಕೆಯ ಜಾಡು ಹಿಡಿಯಲು ಇಟ್ಟದ್ದು. ಪ್ರಶ್ನಾರ್ಥಕದಿಂದ ಮುಂದಿನದನ್ನೆಲ್ಲ ಅಳಿಸಿದರೂ ವಿಡಿಯೊ ತೆರೆಯುತ್ತದೆ. ಕಂಪ್ಯೂಟರಿನ ಬ್ರೌಸರ್‌ನಿಂದ ತೆಗೆದ ವಿಳಾಸಕ್ಕೆ ಮಾತ್ರ ಈ ಕತ್ತರಿ ಹಾಕಬೇಡಿ. ಅಲ್ಲಿ ಪ್ರಶ್ನಾರ್ಥಕದ ಮುಂದಿರುವ ‘ವಿ=’ ಭಾಗವೇ ವಿಡಿಯೊದ ಗುರುತು, ಅದು ಹೋದರೆ ಎಲ್ಲವೂ ಹೋಯಿತು. ಎರಡು ತಾಸಿನ ಉಪನ್ಯಾಸದಲ್ಲಿ 12 ನಿಮಿಷ 34 ಸೆಕೆಂಡಿಗೆ ಬರುವ ಮಾತನ್ನೇ ಕೇಳಿಸಬೇಕೇ? ಬಾಲ ಕತ್ತರಿಸಿದ ಮೊಬೈಲ್ ಕೊಂಡಿಗೆ ‘?ಟಿ=754’ ಸೇರಿಸಿ, ‘ಟಿ’ ಇಂಗ್ಲಿಷಿನ ಸಣ್ಣಕ್ಷರದಲ್ಲಿರಲಿ. 12ನ್ನು 60ರಿಂದ ಗುಣಿಸಿ 34 ಕೂಡಿಸಿದ ಲೆಕ್ಕವದು. ಪೂರ್ತಿ ಉಪನ್ಯಾಸ ಕೇಳುವ ಪುರಸೊತ್ತು ಯಾರಿಗಿದೆ!

ಉದ್ದದ ವಿಳಾಸವನ್ನು ಚಿಕ್ಕದು ಮಾಡಿಕೊಡುವ ಕಿರುಕೊಂಡಿ ಬೇಡವೇ ಬೇಡ. ಗೂಗಲ್ ತನ್ನ ಕಿರುಕೊಂಡಿ ಸೇವೆಯಲ್ಲಿ ಹೊಸದನ್ನು ಮಾಡಿಕೊಡುವುದನ್ನು 2019ರಲ್ಲೇ ನಿಲ್ಲಿಸಿತು, ಬಳಕೆಯಲ್ಲಿಲ್ಲದ ಹಳೆಯವನ್ನು 2025ರ ಆಗಸ್ಟ್‌ನಲ್ಲಿ ಮುಚ್ಚಿತು. ಊರು ಇದ್ದಲ್ಲೇ ಇದೆ, ದಾರಿ ಹೋಯಿತು. ಊರುಗಳೂ ಉಳಿಯುವುದಿಲ್ಲವೆನ್ನಿ: 2013ರಲ್ಲಿದ್ದ ಜಾಲಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷಗಳಲ್ಲಿ ಕಣ್ಮರೆಯಾಗಿವೆ ಎಂದು ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಹೇಳಿತು.

ಹೀಗಾಗಿ ಚಲೋ ಬರಹ ಸಿಕ್ಕ ದಿನವೇ ಇಂಟರ್‌ನೆಟ್ ಆರ್ಕೈವ್ ಎಂಬ ಜಾಲ ಗ್ರಂಥಾಲಯದಲ್ಲಿ ಪುಟಗಳ ಪ್ರತಿ ಕಾಪಿಡುವ ವೇಬ್ಯಾಕ್ ಮಷೀನ್‌ಗೆ ಹೋಗಿ, ‘ಸೇವ್ ಪೇಜ್ ನೌ’ ಪೆಟ್ಟಿಗೆಯಲ್ಲಿ ವಿಳಾಸ ಹಾಕಿ ಒತ್ತಿ. ತುಸು ಹೊತ್ತಿನಲ್ಲಿ ಪುಟದ ಪ್ರತಿಗೆ ಹೊಸ ವಿಳಾಸ ಸಿಗುತ್ತದೆ. ಅದರ ನಡುವಿನ 14 ಅಂಕಿಗಳೇ ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು. ಆ ಗಡಿಯಾರ ನಮ್ಮದಕ್ಕಿಂತ ಐದೂವರೆ ತಾಸು ಹಿಂದೆ ಇರುವುದರಿಂದ ನಸುಕಿನಲ್ಲಿ ಉಳಿಸಿದ್ದು ಹಿಂದಿನ ದಿನದ ತಾರೀಖು ತೋರಿಸಿದರೆ ಗಾಬರಿ ಬೇಡ. ಲಾಗಿನ್ ಕೇಳುವ ಪುಟ, ಫೇಸ್‌ಬುಕ್‌ನ ಖಾಸಗಿ ಗುಂಪಿನ ಬರಹ ಇದರಲ್ಲಿ ಉಳಿಯುವುದಿಲ್ಲ. ಬಳಗಕ್ಕೆ ಮೂಲ ಕೊಂಡಿ, ಪ್ರತಿಯ ಕೊಂಡಿ ಎರಡನ್ನೂ ಕಳಿಸಿ.

ಅದೇ ಆರ್ಕೈವ್‌ನಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಎಂಬ ಪುಸ್ತಕ ಡಿಜಿಟಲೀಕರಣ ಯೋಜನೆಯಲ್ಲಿ ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕಗಳೂ ಇವೆ. ಆದರೆ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಮನಬಂದಂತೆ ಬರೆದಿಟ್ಟಿದ್ದರಿಂದ, ‘ಆರ್ಕೈವ್‌ನಾಗ ಅದ, ಹುಡುಕ್ರಿ’ ಎಂದು ಹೇಳಿ ಕೈತೊಳೆದುಕೊಂಡರೆ ಗೆಳೆಯನಿಗೆ ತ್ರಾಸು. ಪಿಡಿಎಫ್ ಬದಲು ಪುಸ್ತಕದ ವಿವರದ ಪುಟವನ್ನೇ ಕಳಿಸಿ, ಪುಸ್ತಕದಲ್ಲಿ ಅಚ್ಚಾಗಿರುವ ಪುಟಸಂಖ್ಯೆಯನ್ನು ಬರೆಯಿರಿ. ಪರದೆಯ ಮೇಲಿನ ಸಂಖ್ಯೆ ರಕ್ಷಾಪುಟ, ಮುನ್ನುಡಿಗಳನ್ನೂ ಎಣಿಸಿರುತ್ತದೆ.

ಇನ್ನು ಫಾರ್ವರ್ಡ್. ಜೋಡಿ ಬಾಣದ ಗುರುತಿದ್ದರೆ ಆ ಸಂದೇಶ ಕನಿಷ್ಠ ಐದು ಕೈ ದಾಟಿ ಬಂದಿದೆ ಎಂದರ್ಥ. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಮ್ಮೆಗೆ ಒಂದೇ ಕಡೆ ಕಳಿಸಬಹುದು. ಇದನ್ನು ತಪ್ಪಿಸಲು ಮಂದಿ ಕಾಪಿ ಮಾಡಿ ಅಂಟಿಸುತ್ತಾರೆ. ಆಗ ಬಾಣ ಮಾಯ, ಗಾಳಿಮಾತು ಗೆಳೆಯನ ಸ್ವಂತ ಮಾತಿನಂತೆ ಕಾಣುತ್ತದೆ.

ಕೊನೆಗೆ ಪತ್ರಿಕೆಗಳಿಗೂ ಒಂದು ವಿನಂತಿ. ಇ-ಪೇಪರ್ ತುಣುಕುಗಳು ಬಳಗಗಳಲ್ಲಿ ಬಹಳ ಓಡಾಡುತ್ತವೆ. ಹುಬ್ಬಳ್ಳಿ ಆವೃತ್ತಿಯ ತುಣುಕನ್ನು ಬೆಂಗಳೂರಿನವರು ತಮ್ಮ ಪತ್ರಿಕೆಯಲ್ಲಿ ಹುಡುಕಿದರೆ ಆ ಪುಟವೇ ಬೇರೆ. ಕ್ಲಿಪ್ ಮಾಡಿದಾಗ ಪತ್ರಿಕೆಯ ಹೆಸರು, ಆವೃತ್ತಿ, ತಾರೀಖು, ಪುಟಸಂಖ್ಯೆ ತುಣುಕಿನ ಮೇಲೆ ತಾನಾಗಿ ಮೂಡುವಂತೆ ಮಾಡಿ. ಜಾಲತಾಣದ ಲೇಖನಗಳಲ್ಲಿ ‘ಪರಿಷ್ಕೃತ’ ಸಮಯವನ್ನಷ್ಟೇ ಹಾಕದೆ ಮೊದಲು ಪ್ರಕಟವಾದ ದಿನವನ್ನೂ ಕೊಡಿ. ಇಲ್ಲದಿದ್ದರೆ ಹಳೆಯ ಬರಹವನ್ನೂ ಇವತ್ತಿನದೆಂದೇ ಹಂಚುತ್ತಾರೆ.

— ಓದುಗರೊಬ್ಬರು, ಸಪ್ತಾಪುರ, ಧಾರವಾಡ