ದೃಶ್ಯಕ್ಕೆ ಉಸಿರಾಡಲು ಬಿಡಿ

ಮಾನ್ಯರೇ,

ಈಚಿನ ಬಹುತೇಕ ಸಿನಿಮಾಗಳಲ್ಲಿ ಹಿನ್ನೆಲೆ ಸಂಗೀತದ ಅಬ್ಬರ ಜಾಸ್ತಿಯಾಗಿ, ದೃಶ್ಯದ ಬಿಗಿಯೇ ಸಡಿಲವಾಗುತ್ತಿದೆ. ಪಾತ್ರ ಅಳುವ ಮೊದಲೇ ಪಿಟೀಲು ಅಳುತ್ತದೆ. ಎಲ್ಲವನ್ನೂ ಸಂಗೀತವೇ ಹೇಳಿಬಿಟ್ಟರೆ ನೋಡುವವರಿಗೆ ಉಳಿಯುವುದೇನು?

1955ರ ಫ್ರೆಂಚ್ ಚಿತ್ರ ‘ರಿಫಿಫಿ’ಯಲ್ಲಿ ಆಭರಣದಂಗಡಿಗೆ ಕನ್ನ ಹಾಕುವ ದೃಶ್ಯ ಸುಮಾರು ಅರ್ಧ ಗಂಟೆ ಇದೆ. ಅಷ್ಟೂ ಹೊತ್ತು ಮಾತಿಲ್ಲ, ಸಂಗೀತವಿಲ್ಲ. ಮೇಲಿನ ಮಹಡಿಯ ನೆಲ ಕೊರೆಯುವಾಗ ಚೂರುಗಳು ಕೆಳಗೆ ಬಿದ್ದು ಸದ್ದಾಗಬಾರದು ಅಲ್ವಾ? ಅದಕ್ಕೇ ಕಳ್ಳರು ತೂತಿನೊಳಗೆ ಕೊಡೆ ಇಳಿಸಿ ಬಿಚ್ಚುತ್ತಾರೆ. ನೋಡುವ ನಾವು ಉಸಿರು ಬಿಗಿಹಿಡಿದು ಕೂತಿರುತ್ತೇವೆ. ಎಂಥ ಕಸುಬುದಾರಿಕೆ!

ಹೊಸಬರಿಗೆ ಇದು ಬರುವುದಿಲ್ಲ ಎಂದು ನಾನು ಹೇಳಲಾರೆ. 2007ರ ‘ನೋ ಕಂಟ್ರಿ ಫಾರ್ ಓಲ್ಡ್ ಮೆನ್’ನಲ್ಲಿ ಹಿನ್ನೆಲೆ ಸಂಗೀತ ಇಲ್ಲವೆನ್ನುವಷ್ಟು ಕಡಿಮೆ. ಹೋಟೆಲ್ ಕೋಣೆಯ ಬಾಗಿಲಡಿ ಕಾಣುವ ಬೆಳಕು ಆರಿದರೆ ಸಾಕು, ಎದೆ ಝಲ್ಲೆನ್ನುತ್ತದೆ. ಆ ಚಿತ್ರಕ್ಕೆ ನಾಲ್ಕು ಆಸ್ಕರ್ ಕೂಡ ಬಂದವು.

ನಿರ್ದೇಶಕರು ಒಂದು ಮುಖ್ಯ ದೃಶ್ಯವನ್ನಾದರೂ ಸಂಗೀತ ತುಂಬದೆ ಹಾಗೇ ಬಿಡಲಿ. ಪತ್ರಿಕೆಗಳ ವಿಮರ್ಶಕರೂ ಕತೆ, ನಟನೆಯ ಜೊತೆಗೆ ಚಿತ್ರದ ಸದ್ದಿನ ಬಗ್ಗೆ ಎರಡು ಸಾಲು ಬರೆಯಲಿ.

– ಒಬ್ಬ ಸಿನಿಮಾ ಪ್ರೇಮಿ