ಉತ್ತರ ಸರಿ, ಅಂಕ ಯಾಕೆ ಕಡಿಮೆ?

ಮಾನ್ಯ ಸಂಪಾದಕರೆ,

ಆರು, ಏಳನೇ ತರಗತಿಯ ಗಣಿತ, ವಿಜ್ಞಾನಕ್ಕೆ ದುಬಾರಿ ಗೈಡ್ ಬೇಕಿಲ್ಲ. ಅಂಚು ಸವೆಯದ ಸ್ಕೇಲ್, ಚೂಪಾದ ಪೆನ್ಸಿಲ್ ಕೊಟ್ಟು ಕಳಿಸಿ. ಸ್ಕೇಲಿನ ಸೊನ್ನೆ ಅಳಿಸಿಹೋಗಿದ್ದರೆ 1 ಸೆಂ.ಮೀ. ಗೆರೆಯಿಂದ ಅಳೆದು, ಕೊನೆಗೆ 1 ಕಳೆದರಾಯಿತು. ಕೋನಮಾಪಕದಲ್ಲಿ ಎರಡು ಸಾಲು ಅಂಕಿಗಳಿವೆ. ಕೋನದ ಬಾಹುವಿನ ಮೇಲೆ ಯಾವ ಸಾಲಿನ ಸೊನ್ನೆ ಕೂತಿದೆಯೋ ಅದನ್ನೇ ಓದಬೇಕು, ಇಲ್ಲವಾದರೆ 60 ಡಿಗ್ರಿ 120 ಆಗುತ್ತದೆ. ಅಳತೆ ಜಾಡಿಯಲ್ಲಿ ನೀರಿನ ಮೇಲ್ಮೈ ಬಾಗಿರುತ್ತದೆ. ಕಣ್ಣನ್ನು ಅದೇ ಮಟ್ಟಕ್ಕೆ ತಂದು ತಗ್ಗಿನ ಭಾಗ ನೋಡಬೇಕು. ಮೇಲಿನಿಂದ ನೋಡಿದರೆ ಅಳತೆ ಹೆಚ್ಚು ಕಾಣುತ್ತದೆ.

‘ಉತ್ತರ ಸರಿ ಐತಲ್ರಿ, ಮಾರ್ಕ್ಸ್ ಯಾಕ ಕಡಿಮಿ?’ ಎಂದು ಪಾಲಕರು ಕೇಳುವುದುಂಟು. ಹೊಲದ ವಿಸ್ತೀರ್ಣ ‘48 ಮೀಟರ್’ ಎಂದು ಬರೆದರೆ ಅದು ಬೇಲಿಯ ಉದ್ದವಾದೀತು. ಚದರ ಮೀಟರ್ ಎಂದಿರಬೇಕು, ಲೆಕ್ಕದ ಹಂತಗಳೂ ಇರಬೇಕು.

– ಶಿಕ್ಷಕರೊಬ್ಬರು, ಗದಗ