ಮಗಳಿಗೊಂದು ಪತ್ರ: ದೊಡ್ಡಪ್ಪನ ಗಡಿಯಾರ ಕೆಟ್ಟಿರಲಿಲ್ಲ

ಪ್ರೀತಿಯ ಪುಟ್ಟಿ,

ಅಮ್ಮನ ಸೂಟ್‌ಕೇಸಿನಲ್ಲಿ ಚಟ್ನಿಪುಡಿ ಪೊಟ್ಟಣಗಳ ನಡುವೆ ಹಳೇ ಟವೆಲಿನಲ್ಲಿ ಸುತ್ತಿದ ಗಂಟೊಂದಿದೆ. ಅವಸರಪಟ್ಟು ಬಿಚ್ಚಬೇಡ. ಅಟ್ಟದ ಮೇಲೆ ಹಿತ್ತಾಳೆ ಪಾತ್ರೆಗಳ ಹಿಂದೆ ಇತ್ತಲ್ಲ, ನೀನು ಚಿಕ್ಕವಳಿದ್ದಾಗ ‘ಅಂಕಿ ಬೀಳೋ ಪೆಟ್ಟಿಗೆ’ ಅನ್ನುತ್ತಿದ್ದೆಯಲ್ಲ, ದೊಡ್ಡಪ್ಪನ ಆ ಫ್ಲಿಪ್ ಕ್ಲಾಕ್ ಅದು.

1978ರಲ್ಲಿ ಅಣ್ಣ ಅಮೆರಿಕದಿಂದ ಮೊದಲ ಸಲ ಮೈಸೂರಿಗೆ ಬಂದಾಗ ತಂದದ್ದು. ಒಳಗಿನ ಯಂತ್ರ ಜಪಾನಿನ ಕೋಪಾಲ್ ಕಂಪನಿಯದು. ನಿಮ್ಮ ತಾತ ಆಸೆಪಟ್ಟು 110 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಕೊಂಡು ತಂದು ಹಚ್ಚಿದರು. ರಾತ್ರಿ 10ಕ್ಕೆ ಸರಿ ಮಾಡಿಟ್ಟರೆ ಬೆಳಿಗ್ಗೆ 6ಕ್ಕೆ ಅದು 4:40 ತೋರಿಸಿತು. ಮಾರನೆಯ ದಿನವೂ ಅಷ್ಟೇ. ರಿಪೇರಿ ಅಂಗಡಿಯವನು ‘ಒಳಗೆ ಹಲ್ಲು ಸವೆದಿದೆ, ಯಾರೋ ನಿಮ್ಮ ಹುಡುಗನಿಗೆ ಟೋಪಿ ಹಾಕಿದ್ದಾರೆ’ ಅಂದ. ತಾತ ಊಟದ ಹೊತ್ತಿನಲ್ಲಿ ಎಲ್ಲರೆದುರು ಅದನ್ನೇ ಹೇಳಿದರು. ಅಣ್ಣ ತಟ್ಟೆಯಿಂದ ತಲೆ ಎತ್ತಲಿಲ್ಲ. ನನಗೆ ಆಗ ಹದಿಮೂರು ವರ್ಷ. ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಈ ಮಳೆಗಾಲದಲ್ಲಿ ಅದನ್ನು ಇಳಿಸಿ ಬಿಚ್ಚಿದೆ. ಹಲ್ಲುಗಳು ಹೊಸದರಂತಿದ್ದವು. ಮೋಟಾರು ಮಾತ್ರ ಅಲುಗಲಿಲ್ಲ. ಅದರ ಪುಟ್ಟ ಡಬ್ಬಿಯೊಳಗಿನ ಗ್ರೀಸು ಇಷ್ಟು ವರ್ಷದಲ್ಲಿ ಗಟ್ಟಿಯಾಗಿ ಹೋಗಿತ್ತು. ಡಬ್ಬಿಗೆ ರಿವೆಟ್ ಹೊಡೆದಿರುವುದರಿಂದ ತೆರೆಯಲಾಗದು. ನೀನು ಬಿಟ್ಟುಹೋದ ಹೇರ್ ಡ್ರೈಯರಿನಲ್ಲಿ ಬಿಸಿ ಮಾಡಿ, ಕೈಡ್ರಿಲ್ಲಿನಿಂದ ಸಣ್ಣ ತೂತು ಕೊರೆದು, ಸಿರಿಂಜಿನಲ್ಲಿ ಎರಡು ಹನಿ ಎಣ್ಣೆ ಬಿಟ್ಟೆ. ಮೂರನೆಯ ದಿನ ಸಂಜೆ ಗುಂಯ್ ಅಂತ ತಿರುಗಿತು. ಕಪ್ಪಾಗಿದ್ದ ನಿಯಾನ್ ದೀಪಕ್ಕೆ ಬದಲಾಗಿ ಲೈನ್ ಟೆಸ್ಟರಿನೊಳಗಿನ ದೀಪ ತೆಗೆದು ಬೆಸುಗೆ ಹಾಕಿದ್ದೇನೆ.

ಆಮೇಲೆ ಅಂಕಿ ಬರೆದ ಎಲೆಗಳು. ನಿಮಿಷದ ಉರುಳೆಯಲ್ಲಿ 60 ಎಲೆ, ಇಸ್ಪೀಟಿಗಿಂತ ತೆಳುವು. ಒಂದೊಂದರ ಮುಖದ ಮೇಲೆ ಒಂದು ಅಂಕಿಯ ಮೇಲರ್ಧ, ಬೆನ್ನ ಮೇಲೆ ಮುಂದಿನ ಅಂಕಿಯ ಕೆಳಗರ್ಧ. 07ರ ಮೇಲರ್ಧ ಹೊತ್ತ ಎಲೆ ಮಗುಚಿ ಬಿದ್ದರೆ ಅದರ ಬೆನ್ನೇ 08ರ ಕೆಳಭಾಗ. ಮೇಲಿರುವ ಸಣ್ಣ ಕೊಕ್ಕೆಯೊಂದು ಎಲೆಯನ್ನು ನಿಮಿಷ ತುಂಬುವವರೆಗೆ ತಡೆದು ಹಿಡಿಯುತ್ತದೆ. ಇಟಲಿಯ ಉದಿನೆಯ ಸೊಲಾರಿ ಕಂಪನಿ ಇದೇ ತಂತ್ರದಿಂದ ವಿಮಾನ ನಿಲ್ದಾಣಗಳ ಪಟಪಟ ಬೋರ್ಡುಗಳನ್ನು ಮಾಡಿತು. ಎಷ್ಟು ಸರಳ, ಎಷ್ಟು ಚೆಂದ! ಈ ಎಲೆಗಳಿಗೆ ಎಣ್ಣೆ ತಾಗಬಾರದು, ತಾಗಿದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಾನು ಧೂಳು ಒರೆಸಲು ಸ್ಪಿರಿಟ್ ಮುಟ್ಟಿಸಿ ತಪ್ಪು ಮಾಡಿದೆ. 43ರ ಕೆಳಗರ್ಧದ ಬಿಳಿ ಬಣ್ಣ ಹತ್ತಿಗೆ ಬಂದುಬಿಟ್ಟಿತು. ಉಳಿದವನ್ನು ಸೋಪಿನ ನೀರಿನಲ್ಲೇ ಒರೆಸಿದೆ. ಹೋದದ್ದನ್ನು ಸಣ್ಣ ಬ್ರಶ್ಶಿನಿಂದ ತಿದ್ದಿ ಬರೆದಿದ್ದೇನೆ. ಆ ಮೂರು ಸ್ವಲ್ಪ ದಪ್ಪಗಿದೆ.

ಎಲ್ಲ ಜೋಡಿಸಿ, ಪಕ್ಕದಲ್ಲಿ ಮೊಬೈಲ್ ಇಟ್ಟುಕೊಂಡು ಕೂತೆ. ಒಂದು ಗಂಟೆ ಕಳೆಯಿತು, ಗಡಿಯಾರ 50 ನಿಮಿಷ ಮಾತ್ರ ಓಡಿತ್ತು. ಇನ್ನೊಂದು ಗಂಟೆಗೆ ಮತ್ತೆ ಸರಿಯಾಗಿ 50. ಸವೆದ ಯಂತ್ರ ಹೀಗೆ ಲೆಕ್ಕವಿಟ್ಟು ತಪ್ಪುತ್ತದೆಯೇ? ಹಿಂದುಗಡೆಯ ಚೀಟಿ ಓದಿದೆ: 60 ಹರ್ಟ್ಸ್. ಈ ಮೋಟಾರು ಕರೆಂಟಿನ ಕಂಪನಕ್ಕೆ ಹೆಜ್ಜೆ ಹಾಕುತ್ತದೆ. ಅಮೆರಿಕದಲ್ಲಿ ಸೆಕೆಂಡಿಗೆ 60, ನಮ್ಮಲ್ಲಿ 50. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸೀತು, ಕಂಪನವನ್ನು ಬದಲಿಸದು. ತಾತ ಕಂಡ 4:40 ಕೂಡ ಇದೇ ಲೆಕ್ಕ, ಎಂಟು ಗಂಟೆಗೆ 80 ನಿಮಿಷ ಕಮ್ಮಿ. ಜಪಾನಿನವರಿಗೆ ಇದು ಹೊಸದಲ್ಲ. ಟೋಕಿಯೋಗೆ ಜರ್ಮನಿಯಿಂದ, ಓಸಾಕಾಕ್ಕೆ ಅಮೆರಿಕದಿಂದ ಜನರೇಟರ್ ಬಂದ ಕಾರಣ ಇವತ್ತಿಗೂ ಅಲ್ಲಿ ಪೂರ್ವಕ್ಕೆ 50, ಪಶ್ಚಿಮಕ್ಕೆ 60. ಅಣ್ಣನಿಗೆ ಯಾರೂ ಟೋಪಿ ಹಾಕಿರಲಿಲ್ಲ, ಪುಟ್ಟಿ. ಅವನು ಒಳ್ಳೆಯ ಗಡಿಯಾರವನ್ನೇ ತಂದಿದ್ದ. ಅದು ಗೊತ್ತಾದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಹೇಳೋಣವೆಂದರೆ ಅವನೂ ಇಲ್ಲ, ತಾತನೂ ಇಲ್ಲ.

ಅದಕ್ಕೇ ಅಮೆರಿಕಕ್ಕೆ, ನಿನ್ನಲ್ಲಿಗೆ ಕಳಿಸುತ್ತಿದ್ದೇನೆ. ಎಲೆಗಳು ಅಲುಗದಿರಲೆಂದು ಕಾಗದದ ಪಟ್ಟಿ ಸಿಕ್ಕಿಸಿದ್ದೇನೆ. ಅದನ್ನು ತೆಗೆದ ಮೇಲೆಯೇ ಪ್ಲಗ್ ಹಾಕು. ಟೈಮ್ ಸರಿ ಮಾಡುವಾಗ ಗುಂಡಿಯನ್ನು ಮುಂದಕ್ಕೇ ತಿರುಗಿಸು, ಹಿಂದಕ್ಕೆ ತಿರುಗಿಸಿದರೆ ಎಲೆ ಮಡಚಿಕೊಳ್ಳುತ್ತದೆ. ಕರೆಂಟ್ ಹೋದರೆ ಅಲ್ಲೇ ನಿಲ್ಲುತ್ತದೆ, ಬಂದಾಗ ನೀನೇ ಸರಿ ಮಾಡಬೇಕು. ಒಂದು ದಿನ ಪೂರ್ತಿ ಓಡಲಿ. ಮೊಬೈಲಿನ ಜೊತೆ ಹೊಂದಿಸಿ ನೋಡು. ಆಮೇಲೆ ದೊಡ್ಡಮ್ಮನಿಗೆ ಫೋನ್ ಮಾಡಿ, ದೊಡ್ಡಪ್ಪನ ಗಡಿಯಾರ ಸರಿಯಾಗಿ ಟೈಮ್ ತೋರಿಸುತ್ತಿದೆ ಅಂತ ಹೇಳು. ನಾನು ಇಲ್ಲಿಂದ ಹೇಳಬಹುದಿತ್ತು. ಆದರೆ ಅದು ಸರಿಯಾಗಿ ಓಡಿದ್ದನ್ನು ನಾನು ಇನ್ನೂ ನೋಡಿಲ್ಲ.

ನಿನ್ನ
ಅಪ್ಪ